ಮೇಸ್ತ್ರಿ ಬದಲಾದರೆ

೨೦೨೫ ಸೆಪ್ಟೆಂಬರ್ ೧೧, ಗುರುವಾರ. ನ್ಯಾಮತಿ

ಚೈತ್ರಶ್ರೀ ಆಯ್ಕೆಯಾಗಿದ್ದಾಳೆ. ಸವಳಂಗದ ಹಾಲಿನ ಡೇರಿಯಲ್ಲಿ ದಿನಕ್ಕೆರಡು ಹೊತ್ತು ಫ್ಯಾಟು ನೋಡುವ ಹುಡುಗಿಯನ್ನು, ಮೂರು ಸುತ್ತಿನ ಸಂದರ್ಶನದ ನಂತರ, ಡೆನ್ಮಾರ್ಕ್ ದೇಶದ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಇದನ್ನು ಬರೆದಿಡದೆ ಇಂದು ಬೇರೆ ಏನನ್ನೂ ಮಾಡಲಾರೆ.

ಹಾಲನ್ನು ಪರೀಕ್ಷಿಸುವ ಚಿಕ್ಕ ಯಂತ್ರವೊಂದನ್ನು ತಯಾರಿಸುವ ಹದಿನಾಲ್ಕು ಜನರ ಕಂಪನಿ ಅದು. ನಮ್ಮ ಕಡೆಯ ಕೆಲವು ಡೇರಿಗಳಲ್ಲಿ ಅವರ ಯಂತ್ರವಿದೆ. ಬೆಳಗಿನ ಹೊತ್ತು ಕರೆಂಟಿನ ವೋಲ್ಟೇಜ್ ಕುಸಿದಾಗ ಅದು ಫ್ಯಾಟನ್ನು ಕಡಿಮೆ ತೋರಿಸುತ್ತದೆಂದು ಮೊದಲು ಕಂಡುಹಿಡಿದವಳು ಇವಳು. ನಲವತ್ತು ದಿನ ನೋಟ್‌ಬುಕ್ಕಿನಲ್ಲಿ ವೋಲ್ಟೇಜನ್ನೂ ಫ್ಯಾಟನ್ನೂ ಅಕ್ಕಪಕ್ಕ ಬರೆದು, ಪುಟಗಳ ಫೋಟೋ ತೆಗೆದು ಕಂಪನಿಗೆ ಕಳುಹಿಸಿದಳು. ಜೊತೆಗಿದ್ದ ಪತ್ರದ ಇಂಗ್ಲಿಷನ್ನು ತಿದ್ದಿದವನು ನಾನು. ಕರ್ನಾಟಕದ ಡೇರಿಗಳಿಗೆ ಯಂತ್ರದ ಬಳಕೆಯನ್ನು ಕಲಿಸಲು, ತಕರಾರು ಬಂದರೆ ಕೇಳಲು ಅವರಿಗೆ ಒಬ್ಬರು ಬೇಕಾಗಿದ್ದಾರೆ. ಆ ಒಬ್ಬರು ಇವಳೇ. ಸವಳಂಗದಲ್ಲೇ ಇರಬಹುದು. ಬೆಂಗಳೂರಿನ ಎರಡು ಕೆಲಸಗಳನ್ನು ಬೇಡವೆಂದ ಹುಡುಗಿಗೆ ಬೇಕಾಗಿದ್ದುದು ಇದೇ: ತಾನು ಬಲ್ಲ ಜನರ ನಡುವೆ, ತಾನು ಬಲ್ಲ ಕೆಲಸ.

ಕಾಲೇಜಿನಿಂದ ನಿವೃತ್ತನಾದ ಮೇಲೆ ಬೀಜದಂಗಡಿಯ ಮಹಡಿಯ ಮೇಲೆ ನಾನು ಈ ಓದುಕೋಣೆಯನ್ನು ತೆರೆದು ಆರು ವರ್ಷಗಳಾದವು. ಇಲ್ಲಿ ಕುಳಿತು ಓದಿ, ನನ್ನ ಮಾರ್ಗದರ್ಶನದಲ್ಲಿ ಮೂವತ್ತೊಂದು ಮಕ್ಕಳು ಉದ್ಯೋಗ ಹಿಡಿದಿದ್ದಾರೆ. ಇವಳು ಮೂವತ್ತೆರಡನೆಯವಳು. ಆದರೆ ಸಮುದ್ರದಾಚೆಯವರು ತಾವಾಗಿ ಹುಡುಕಿ ಬಂದದ್ದು ಇದೇ ಮೊದಲು.

ಪೇಡೆ ತೆಗೆದುಕೊಂಡು ಮನೆಗೆ ಹೋದೆ. ಶಾಂತಾದೇವಿ ಪೊಟ್ಟಣವನ್ನೂ ನನ್ನ ಮುಖವನ್ನೂ ನೋಡಿ, "ಕೆಲಸ ಸಿಕ್ಕಿದ್ದು ಹುಡುಗಿಗೋ ನಿಮಗೋ?" ಎಂದಳು. ಮೂವತ್ತೆಂಟು ವರ್ಷಗಳ ಸಂಸಾರದಲ್ಲಿ ನನ್ನ ಹೆಂಡತಿ ನನ್ನನ್ನು ಒಮ್ಮೆಯೂ ನೇರವಾಗಿ ಹೊಗಳಿದವಳಲ್ಲ.

ಸೆಪ್ಟೆಂಬರ್ ೧೬, ಮಂಗಳವಾರ

ನೇಮಕಾತಿಯ ಕರಾರು ಬಂತು. ಇಪ್ಪತ್ತೆರಡು ಪುಟ. ಮೊದಲ ಪುಟದಲ್ಲೇ ನನ್ನ ಉತ್ಸಾಹ ಇಳಿದುಹೋಯಿತು. ಉದ್ಯೋಗದಾತರ ಹೆಸರಿರಬೇಕಾದ ಜಾಗದಲ್ಲಿ ಡೆನ್ಮಾರ್ಕಿನ ಕಂಪನಿಯ ಹೆಸರಿಲ್ಲ. ಬೆಂಗಳೂರಿನ ಯಾವುದೋ ಉದ್ಯೋಗ ಸೇವಾ ಸಂಸ್ಥೆಯ ಹೆಸರಿದೆ.

"ಅವ್ರಿಗೆ ನಮ್ ದೇಶದಾಗೆ ಆಫೀಸಿಲ್ಲಂತೆ ಸಾರ್," ಎಂದಳು ಚೈತ್ರಶ್ರೀ. "ಒಬ್ಬಳಿಗೋಸ್ಕರ ಇಲ್ಲಿ ಕಂಪನಿ ತೆರೆಯಾಕೆ ಆಗಲ್ವಲ್ಲ. ಅದಕ್ಕೇ ಕಾಗದದ ಮೇಲೆ ನನ್ನ ಇಟ್ಕಳ್ಳೋರು ಬೆಂಗಳೂರಿನೋರು. ಸಂಬಳ, ಪಿ.ಎಫ್., ರಜೆ ಎಲ್ಲ ಅವ್ರ ಕಡೆಯಿಂದ. ಕೆಲಸ ಹೇಳೋರು ಮಾತ್ರ ಡೆನ್ಮಾರ್ಕಿನೋರು. ಬ್ಯಾರೆ ದೇಶದ ಸಣ್ಣ ಕಂಪನಿಗಳು ಹಿಂಗೇ ಮಾಡ್ತಾವಂತೆ."

"ಅಂದರೆ ಹೊರಗುತ್ತಿಗೆ," ಎಂದೆ.

ಆ ಪದ ನಮ್ಮ ಓದುಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಜಗಳೂರಿನ ನಿಂಗರಾಜನನ್ನು ಎಲ್ಲರೂ ಬಲ್ಲರು.

ನಿಂಗರಾಜ್ ನಾನು ಚನ್ನಗಿರಿಯ ಕಾಲೇಜಿನಲ್ಲಿದ್ದಾಗಿನ ವಿದ್ಯಾರ್ಥಿ. ಒಂದು ಕಚೇರಿಯಲ್ಲಿ ಏಳು ವರ್ಷ ಕಂಪ್ಯೂಟರ್ ಆಪರೇಟರ್ ಆಗಿದ್ದ, ಹೊರಗುತ್ತಿಗೆಯ ಮೇಲೆ. ಆ ಏಳು ವರ್ಷಗಳಲ್ಲಿ ಎರಡು ಸಲ ಏಜೆನ್ಸಿ ಬದಲಾಯಿತು. ಪ್ರತಿ ಸಲವೂ ಅವನಿಗೆ ಹೊಸ ಆದೇಶ ಕೊಟ್ಟರು. ಹಳೆಯ ವರ್ಷಗಳು ಲೆಕ್ಕಕ್ಕೆ ಸಿಗಲಿಲ್ಲ. ರಜೆ ಕೇಳಿದರೆ ಕಚೇರಿಯವರು ಏಜೆನ್ಸಿಯನ್ನು ಕೇಳು ಎಂದರು, ಏಜೆನ್ಸಿಯವರು ಕಚೇರಿಯನ್ನು ಕೇಳು ಎಂದರು. ನಾಲ್ಕನೆಯ ಏಜೆನ್ಸಿ ಬಂದಾಗ ಅವನ ಹೆಸರೇ ಪಟ್ಟಿಯಲ್ಲಿರಲಿಲ್ಲ. ಈಗ ಜಗಳೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಆ ಕೆಲಸಕ್ಕೆ ಸೇರು, ಮುಂದೆ ಕಾಯಂ ಆಗುತ್ತದೆ ಎಂದು ಅವನಿಗೆ ಹೇಳಿದವನು ನಾನು.

ಎರಡನೆಯ ಸಲ ಹಾಗಾಗಲು ಬಿಡಲಾರೆ.

ಸೆಪ್ಟೆಂಬರ್ ೧೭, ಬುಧವಾರ

ಬೆಳಿಗ್ಗೆಯಿಂದ ಕುಳಿತು ಡೆನ್ಮಾರ್ಕಿಗೆ ಒಂದೂವರೆ ಪುಟದ ಪತ್ರವನ್ನು ಸಿದ್ಧಪಡಿಸಿದೆ. ನಮ್ಮ ಭಾಗದ ವಿದ್ಯಾವಂತ ಹೆಣ್ಣುಮಗಳೊಬ್ಬಳು ಮಧ್ಯವರ್ತಿಯ ಕೆಳಗೆ ದುಡಿಯಲು ಒಪ್ಪುವುದಿಲ್ಲವೆಂದೂ, ತಮ್ಮ ಕಂಪನಿಯದೇ ಸಹಿ ಮತ್ತು ಮೊಹರಿನ ನೇರ ನೇಮಕಾತಿ ಆದೇಶವಾದರೆ ಮಾತ್ರ ಸ್ವೀಕರಿಸಲಾಗುವುದೆಂದೂ ವಿನಯಪೂರ್ವಕವಾಗಿ, ಆದರೆ ದೃಢವಾಗಿ ತಿಳಿಸಿದ್ದೇನೆ. ಇಂಥ ಇಂಗ್ಲಿಷನ್ನು ಈಗ ಬರೆಯುವವರು ವಿರಳ.

ಶಾಂತಾದೇವಿಗೆ ಓದಿ ಹೇಳಿದೆ. "ಮೊಹರೂ ಬೇಕಂತಾ?" ಎಂದು ಅಡುಗೆಮನೆಗೆ ಹೋದಳು.

ಚೈತ್ರಶ್ರೀ ಪತ್ರವನ್ನು ಎರಡು ಸಲ ಓದಿದಳು. "ಸಾರ್, ಅಮ್ಮಂಗೆ ಒಂದ್ ಮಾತು ಕೇಳಿ ಆಮೇಲೆ ಕಳಿಸ್ಲಾ?" ಎಂದಳು.

"ನಿನ್ನ ತಾಯಿಗೆ ಇದೆಲ್ಲ ಹೇಗೆ ತಿಳಿದೀತಮ್ಮ? ನಾನಿದ್ದೇನಲ್ಲ," ಎಂದೆ.

"ಸರಿ ಸಾರ್. ನೀವು ಹೇಳಿದ್ರೆ ಸರಿನೇ."

ಅವಳ ಹೆಸರಿನಲ್ಲಿ, ಅವಳ ಇ-ಮೇಲಿನಿಂದ ಪತ್ರ ಹೋಯಿತು. ನನ್ನ ಮಾತಿನ ಮೇಲೆ ಈ ಮಕ್ಕಳು ಇಟ್ಟಿರುವ ಭರವಸೆಯನ್ನು ನೆನೆದರೆ ಹೃದಯ ತುಂಬುತ್ತದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಉತ್ತರವಿಲ್ಲ. ಅವರ ದೇಶದಲ್ಲಿ ಏನಾದರೂ ರಜೆ ಇರಬಹುದು.

ಸೆಪ್ಟೆಂಬರ್ ೨೨, ಸೋಮವಾರ

ಉತ್ತರ ಬಂದಿದೆ. ಅವಳ ಮೇಲಧಿಕಾರಿಯಾಗಬೇಕಿದ್ದ ಕಿರ್ಸ್ಟನ್ ಎಂಬ ಮಹಿಳೆ ಬರೆದಿದ್ದಾರೆ. ನಾಲ್ಕೇ ಸಾಲು. ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ. ನಿಮ್ಮ ದೇಶದಲ್ಲಿ ನೇರವಾಗಿ ನೇಮಿಸಿಕೊಳ್ಳಲು ನಮಗೆ ಸಾಧ್ಯವಿಲ್ಲ. ಆದ್ದರಿಂದ ಇನ್ನೊಬ್ಬ ಅಭ್ಯರ್ಥಿಯೊಡನೆ ಮಾತಾಡಲಿದ್ದೇವೆ. ನಮ್ಮ ತಿಳುವಳಿಕೆಯಲ್ಲಿ ತಪ್ಪಿದ್ದರೆ ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.

ಮೆಟ್ಟಿಲ ಮೇಲೆ ನಿಂತು ಚೈತ್ರಶ್ರೀ ಅದನ್ನು ಓದಿ ಹೇಳಿದಳು. ಆಮೇಲೆ, ಸಂಜೆಯ ಹಾಲಿಗೆ ಹೊತ್ತಾಯಿತು ಸಾರ್ ಎಂದು ಬಸ್ಸಿಗೆ ಹೊರಟಳು. ಅವಳು ನನ್ನನ್ನು ದೂರಲಿಲ್ಲ. ದೂರಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ.

ಪತ್ರವನ್ನು ತೆಗೆದು ಮತ್ತೆ ಓದಿದೆ. ಎಲ್ಲಿಯೂ ಒಂದು ದೋಷವಿಲ್ಲ. ಹಾಗೆಂದು ಶಾಂತಾದೇವಿಗೂ ಹೇಳಿದೆ.

"ದೋಷ ಇಲ್ದ ಪತ್ರಕ್ಕೆ ಕೆಲಸ ಹೋಗಾದು ಹೆಂಗ್ರೀ?" ಎಂದಳು. ಆಮೇಲೆ, "ನಿಂಗರಾಜಂದು ನಿಂಗರಾಜಂದು. ಈ ಹುಡುಗಿದು ಈ ಹುಡುಗಿದು. ನಾಳೆ ಸವಳಂಗಕ್ಕೆ ಹೋಗಿ ಬರ್ರಿ," ಎಂದಳು.

ಹೋಗಬೇಕೆಂದು ನಾನೂ ಯೋಚಿಸಿದ್ದೆ.

ಸೆಪ್ಟೆಂಬರ್ ೨೩, ಮಂಗಳವಾರ

ಬೆಳಿಗ್ಗೆ ಹತ್ತರ ಬಸ್ಸಿಗೆ ಸವಳಂಗಕ್ಕೆ ಹೋದೆ. ಚೈತ್ರಶ್ರೀಯ ತಾಯಿ ಪುಷ್ಪಾವತಿ ಮನೆಯಲ್ಲಿರಲಿಲ್ಲ. ಮಗಳೇ ನನ್ನನ್ನು ಅಡಿಕೆ ಸುಲಿಯುವ ಕಣಕ್ಕೆ ಕರೆದುಕೊಂಡು ಹೋದಳು. ಕೊಯ್ಲಿಗೆ ಮುಂಚೆಯೇ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವ ಖೇಣಿದಾರರೊಬ್ಬರ ಕಣ ಅದು. ತಗಡಿನ ಚಪ್ಪರದ ಕೆಳಗೆ ಮೂವತ್ತಕ್ಕೂ ಹೆಚ್ಚು ಹೆಂಗಸರು ಎರಡು ಸಾಲಾಗಿ ಕುಳಿತು, ಮುಂದಿನ ಕತ್ತಿಗೆ ಕಾಯಿ ಒತ್ತಿ ಸುಲಿಯುತ್ತಿದ್ದರು. ನಾನು ಹೋದದ್ದೇ ಸಾಲಿನುದ್ದಕ್ಕೂ ತಲೆಗಳು ಎದ್ದವು.

"ಮೇಷ್ಟ್ರು ಬಂದಾರೆ, ಎಲ್ಲಾರೂ ಪಾಠ ಒಪ್ಸ್ರೇ," ಎಂದು ಯಾರೋ ಅಂದರು. ನಗು ಎದ್ದಿತು.

ಪುಷ್ಪಾವತಿ ಕೈ ನಿಲ್ಲಿಸದೆ, "ಬರ್ರಿ ಮೇಷ್ಟ್ರೆ, ಆ ಚೀಲದ ಮ್ಯಾಲೆ ಕುಂತ್ಕಳ್ರಿ," ಎಂದರು. "ಹುಡುಗಿ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಕೇಳಿದ್ರೆ ಏನಿಲ್ಲ ಅಂತಾಳೆ. ಏನಾಗೈತೆ?"

ಎಲ್ಲವನ್ನೂ ಹೇಳಿದೆ. ಕೆಲಸ ಕೊಡುವವರು ಒಬ್ಬರು, ಆದೇಶ ಕೊಡುವವರು ಇನ್ನೊಬ್ಬರು ಎಂಬ ಈ ವ್ಯವಸ್ಥೆಯ ತೊಡಕನ್ನು ಸರಳ ಭಾಷೆಯಲ್ಲಿ ವಿವರಿಸಲು ಸಾಕಷ್ಟು ಶ್ರಮಪಟ್ಟೆ. ಅವರು ಪೂರ್ತಿ ಕೇಳಿದರು.

"ಇದ್ರಾಗೆ ತಿಳಿಯದಂಥದ್ದು ಏನೈತೆ ಮೇಷ್ಟ್ರೆ?" ಎಂದರು. "ಈ ಅಡಿಕೆ ಯಾರದ್ದು? ಖೇಣಿಯೋರದ್ದು. ಹಿಂಗ್ ಸುಲಿ, ಹಂಗ್ ಸುಲಿ ಅನ್ನೋರು ಯಾರು? ಅವ್ರೇ. ನನ್ನ ಗಾಡಿ ಹತ್ತಿಸ್ಕಂಡು ಬರೋಳು ಯಾರು? ಮೇಸ್ತ್ರಿ. ಕೈ ಕೊಯ್ಕಂಡ್ರೆ ಆಸ್ಪತ್ರೆಗೆ ಓಡೋಳು ಯಾರು? ಆಕೆನೇ. ಖೇಣಿಯೋರಿಗೆ ನನ್ನ ಹೆಸರೂ ಗೊತ್ತಿಲ್ಲ. ಮೇಸ್ತ್ರಿಗೆ ಅಡಿಕೆ ಜಾತಿ ಗೊತ್ತಿಲ್ಲ. ಇಬ್ರೂ ಬೇಕ್ರಿ."

"ಅಡಿಕೆ ಜಾತಿ ನನಗೆ ಗೊತ್ತಿಲ್ಲಾ?" ಎಂದು ಆಚೆ ತೂಕದ ಹತ್ತಿರವಿದ್ದ ಹೆಂಗಸು ಕೂಗಿದಳು. ಕೂಲಿಯವರನ್ನು ಕರೆತರುವ ಮೇಸ್ತ್ರಿ ಅಜ್ಜಮ್ಮ ಅವಳೇ.

"ನಿನ್ನ ಬೈದಿಲ್ಲ ಬಿಡೇ, ನಿನ್ನ ಹಿಂದಿನಾಕೆನ ಅಂದಿದ್ದು," ಎಂದರು ಪುಷ್ಪಾವತಿ. ಮತ್ತೆ ನಗು.

ಆಮೇಲೆ ಅವರ ಕೈ ನಿಂತಿತು. ಇಷ್ಟು ಹೊತ್ತಿನಲ್ಲಿ ಮೊದಲ ಸಲ. ತಾವು ಕುಳಿತ ಜಾಗವನ್ನು ತೋರಿಸಿದರು.

"ನಾನು ಎಲ್ಲಿ ಕುಂತೀನಿ ನೋಡ್ರಿ. ಇಲ್ಲಿ ಬೆಳಕೈತೆ, ಗಾಳಿ ಐತೆ. ಇದು ಹಳಬರ ಸಾಲು. ಹೊಸಬರಿಗೆ ಆ ಸಿಪ್ಪೆ ರಾಶಿ ಪಕ್ಕ, ಧೂಳಿನಾಗೆ. ಸುಲೀತಾ ಸುಲೀತಾ ವರ್ಷ ಆದಂಗೆ ಈ ಕಡೆ ಬರಾದು. ಅದು ನಮ್ಮ ಪದ್ಧತಿ. ನಾನು ಇಲ್ಲಿಗೆ ಬರಾಕೆ ಹನ್ನೊಂದು ವರ್ಷ ಹಿಡೀತು. ಹೋದ ವರ್ಷ ಮೇಸ್ತ್ರಿ ಬದ್ಲಾದ್ಳು. ಈ ಅಜ್ಜಮ್ಮ ಬಂದ್ಳು. ಬಂದ ದಿನ ನನ್ನ ಎಲ್ಲಿ ಕುಂದರ್ಸಿದ್ಲು ಕೇಳ್ರಿ."

"ಸಿಪ್ಪೆ ರಾಶಿ ಪಕ್ಕ," ಎಂದಳು ಅಜ್ಜಮ್ಮ ಅಲ್ಲಿಂದಲೇ. "ನನಗೇನ್ ಗೊತ್ತಿತ್ತವ್ವಾ? ಹೇಳಿದ್ ಮ್ಯಾಲೆ ತಿರುಗಿ ಕುಂದರ್ಸಿಲ್ಲಾ?"

"ನಾನು ಜಗಳ ತೆಗೆದಿದ್ದಕ್ಕೆ ಕುಂದರ್ಸಿದಿ. ಸುಮ್ನಿದ್ದೋರು ಇವತ್ತಿಗೂ ಅಲ್ಲೇ ಅದಾರೆ." ಪುಷ್ಪಾವತಿ ನನ್ನತ್ತ ತಿರುಗಿದರು. "ಮಧ್ಯದೋರು ಇದ್ರೆ ಇರ್ಲಿ ಮೇಷ್ಟ್ರೆ. ಆ ಬೆಂಗಳೂರಿನೋರು ನಾಳೆ ಬದ್ಲಾದ್ರೆ ನನ್ ಮಗಳು ಎಲ್ಲಿ ಕುಂದರ್ತಾಳೆ? ಅದೊಂದು ಕೇಳ್ರಿ. ಅದನ್ನ ಮೊದ್ಲೇ ಬರೆಸ್ಕಂಡ್ರೆ ಸಹಿ ಹಾಕಾಕೆ ಏನು ಭಯ?"

ನನ್ನ ಮೂವತ್ತಮೂರು ವರ್ಷಗಳ ವಾಣಿಜ್ಯಶಾಸ್ತ್ರದ ಬೋಧನೆಯಲ್ಲಿ ಉದ್ಯೋಗದ ಕರಾರನ್ನು ಕುರಿತು ಇಷ್ಟು ನಿಖರವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಿಂಗರಾಜನಿಗೆ ಆದ ಅನ್ಯಾಯವೂ ಅದೇ. ಏಳು ವರ್ಷ ಅದನ್ನು ಕಣ್ಣಾರೆ ಕಂಡಿದ್ದರೂ ಅದಕ್ಕೊಂದು ವಾಕ್ಯ ನನಗೆ ಸಿಕ್ಕಿರಲಿಲ್ಲ.

ಚೈತ್ರಶ್ರೀ ನೆಲದ ಮೇಲೆ ಕುಳಿತು ಅಷ್ಟನ್ನೂ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. "ನಾಳೆ ನಾನೇ ಅವ್ರ ಹತ್ರ ಮಾತಾಡ್ತೀನಿ ಸಾರ್," ಎಂದಳು.

ಪತ್ರವನ್ನು ನಾನು ಬರೆದುಕೊಡುತ್ತೇನೆಂದು ಹೇಳಲಿದ್ದೆ. ಯಾಕೋ ಹೇಳಲಿಲ್ಲ.

ಸೆಪ್ಟೆಂಬರ್ ೨೪, ಬುಧವಾರ

ಮಧ್ಯಾಹ್ನ ಎರಡಕ್ಕೆ ಓದುಕೋಣೆಯಿಂದ ವಿಡಿಯೋ ಕರೆ. ಅಲ್ಲಿ ಆಗ ಬೆಳಗಿನ ಹತ್ತೂವರೆಯಂತೆ. ಒಂಬತ್ತು ಅಂಶಗಳ ಟಿಪ್ಪಣಿಯೊಂದನ್ನು ಸಿದ್ಧಮಾಡಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಗೌರವದಿಂದ ಮಡಿಸಿ ನೋಟ್‌ಬುಕ್ಕಿನ ಅಡಿಗಿಟ್ಟಳು. "ಸಾರ್, ಯಾರೂ ಮೇಲೆ ಬರದಂಗೆ ನೀವು ಬಾಗಿಲ ಹತ್ರ ಕುಂತಿರ್ತೀರಾ?" ಎಂದಳು. ಕುಳಿತೆ.

ಕಿರ್ಸ್ಟನ್ ಪರದೆಯ ಮೇಲೆ ಬಂದರು. ನರೆತ ಕೂದಲು, ಹಿಂದೆ ಕಿಟಕಿಯಲ್ಲಿ ಮಬ್ಬು ಬೆಳಕು. ಅವರು ಮೊದಲು ಕೇಳಿದ್ದೇ ಆ ಪತ್ರದ ಬಗ್ಗೆ. ಅದನ್ನು ನನ್ನ ಗುರುಗಳು ಬರೆದರೆಂದು ಅವಳು ಹೇಳಬಹುದಿತ್ತು. ಹೇಳಿದ್ದರೆ ಸತ್ಯವೇ ಆಗುತ್ತಿತ್ತು.

"ಅದರ ಕೆಳಗೆ ನನ್ನ ಹೆಸರಿದೆ," ಎಂದಳು ಚೈತ್ರಶ್ರೀ, ತನ್ನ ಬಿಡಿಬಿಡಿಯಾದ ಇಂಗ್ಲಿಷಿನಲ್ಲಿ. "ಪೂರ್ತಿ ತಿಳಿಯದೆ ಕಳಿಸಿದೆ. ತಪ್ಪು ನನ್ನದು. ಈಗ ತಿಳಿದಿದೆ. ನನಗೆ ಈ ಕೆಲಸ ಬೇಕು. ಒಂದೇ ಒಂದು ಪ್ರಶ್ನೆ ಇದೆ."

ನಾನು ಬಾಯಿ ತೆರೆದೆ. ಅವಳು ತಿರುಗಿ ನೋಡಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ನಾನೆಂದೂ ಕಲಿಸಿರಲಿಲ್ಲ. ಕಣದ ಎರಡು ಸಾಲುಗಳನ್ನು ನೋಟ್‌ಬುಕ್ಕಿನ ಹಾಳೆಯ ಮೇಲೆ ಚಿತ್ರ ಬರೆದು ಪರದೆಗೆ ಹಿಡಿದಳು. ಇದು ಬೆಳಕು, ಇದು ಸಿಪ್ಪೆಯ ರಾಶಿ, ಇಲ್ಲಿ ನನ್ನ ತಾಯಿ. ಮೇಸ್ತ್ರಿ ಬದಲಾದ ದಿನ ತಾಯಿ ಹೋದ ಜಾಗ ಇದು ಎಂದು ಬೆರಳಿನಿಂದ ದಾರಿ ತೋರಿಸಿದಳು. ನಿಂಗರಾಜನ ಏಳು ವರ್ಷಗಳನ್ನೂ ಹೇಳಿದಳು, ಯಾರನ್ನೂ ಹೆಸರಿಸದೆ. ನೀವು ನಾಳೆ ಬೇರೆ ಸೇವಾ ಸಂಸ್ಥೆಗೆ ಹೋದರೆ, ಅಥವಾ ನಿಮ್ಮದೇ ಕಂಪನಿಯನ್ನು ಇಲ್ಲಿ ತೆರೆದರೆ, ನಾನು ಎಲ್ಲಿ ಕುಳಿತುಕೊಳ್ಳುತ್ತೇನೆ?

ಕಿರ್ಸ್ಟನ್ ಪರದೆಯ ಹತ್ತಿರ ಬಾಗಿ ಆ ಚಿತ್ರವನ್ನು ನೋಡಿದರು. ಹಾಳೆಯ ಫೋಟೋ ಕಳಿಸಲು ಸಾಧ್ಯವೇ ಎಂದು ಕೇಳಿದರು. ಈ ಪ್ರಶ್ನೆಯನ್ನು ತಾವೇ ಬೆಂಗಳೂರಿನವರ ಮುಂದಿಡುವುದಾಗಿ, ಅವರು ಒಪ್ಪುತ್ತಾರೆಂದು ಮಾತು ಕೊಡಲಾಗದೆಂದು ಹೇಳಿದರು.

"ಒಪ್ಪದಿದ್ದರೆ?" ಎಂದು ಕರೆ ಮುಗಿದ ಮೇಲೆ ಕೇಳಿದೆ.

"ಒಪ್ಪದಿದ್ರೆ ಹಾಕಲ್ಲ ಸಾರ್ ಸಹಿ. ಡೇರಿ ಐತಲ್ಲ." ಹಾಗೆಂದು ನಕ್ಕಳು. ಆದರೆ ಆ ಹಾಳೆಯ ಫೋಟೋವನ್ನು ನಾಲ್ಕು ಸಲ ತೆಗೆದು, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ಆರಿಸಿ ಕಳುಹಿಸಿದಳು. ಅವಳಿಗೆ ಈ ಕೆಲಸ ಎಷ್ಟು ಬೇಕೆಂಬುದು ನನಗೆ ಈವತ್ತು ತಿಳಿಯಿತು.

ಸೆಪ್ಟೆಂಬರ್ ೨೫, ಗುರುವಾರ

ಏನೂ ಬರಲಿಲ್ಲ. ಓದಲಾಗಲಿಲ್ಲ, ಬರೆಯಲೂ ಆಗುತ್ತಿಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ಒಪ್ಪಿದ್ದಾರೆ.

ಕರಾರಿಗೆ ಒಂದು ಕಲಮನ್ನು ಸೇರಿಸಿದ್ದಾರೆ. ಅದರ ತಾತ್ಪರ್ಯವನ್ನು ಇಲ್ಲಿ ಕನ್ನಡದಲ್ಲಿ ಬರೆದಿಡುತ್ತೇನೆ: ಸೇವಾ ಸಂಸ್ಥೆ ಬದಲಾದರೂ, ಕಂಪನಿಯೇ ನೇರವಾಗಿ ನೇಮಿಸಿಕೊಂಡರೂ, ಉದ್ಯೋಗಿಯ ಸೇವೆಯನ್ನು ಅವಳು ಮೊದಲು ಸೇರಿದ ದಿನದಿಂದಲೇ ಪರಿಗಣಿಸತಕ್ಕದ್ದು, ಉಳಿದ ರಜೆಯೂ ಹಾಗೆಯೇ ಮುಂದುವರಿಯತಕ್ಕದ್ದು. ಡೆನ್ಮಾರ್ಕಿನವರು, ಬೆಂಗಳೂರಿನವರು, ಇಬ್ಬರೂ ಇದಕ್ಕೆ ಬದ್ಧರು. ಬೆಂಗಳೂರಿನ ಸಂಸ್ಥೆಯ ಹೆಣ್ಣುಮಗಳೊಬ್ಬಳು ಚೈತ್ರಶ್ರೀಗೆ ಫೋನ್ ಮಾಡಿ ಇಪ್ಪತ್ತೆರಡು ಪುಟವನ್ನೂ ಬಿಡಿಸಿ ಹೇಳಿದಳಂತೆ, ಒಳ್ಳೆಯ ಕನ್ನಡದಲ್ಲಿ.

ಚೈತ್ರಶ್ರೀ ಮಧ್ಯಾಹ್ನವೇ ಕಣಕ್ಕೆ ಹೋಗಿ, ಪುಟಪುಟವನ್ನೂ ತಾಯಿಗೆ ಓದಿ ಹೇಳಿ, ಅಲ್ಲೇ ಚೀಲದ ಮೇಲೆ ಕುಳಿತು ಮೊಬೈಲಿನಲ್ಲಿ ಸಹಿ ಹಾಕಿದಳಂತೆ. ಸುಲಿಯುವುದನ್ನು ಬಿಟ್ಟು ಎಲ್ಲರೂ ಸುತ್ತ ನಿಂತಿದ್ದರಂತೆ. ಆ ಕಲಮನ್ನು ಅಜ್ಜಮ್ಮ ಎರಡು ಸಲ ಓದಿಸಿದಳಂತೆ. ನನಗೆ ತಿಳಿದಾಗ ಸಂಜೆ ಆರಾಗಿತ್ತು. ಮೊದಲು ಅಲ್ಲಿಯೇ ತಿಳಿಯಬೇಕಾಗಿತ್ತು, ಅದು ಸರಿ.

ಶಾಂತಾದೇವಿಗೆ ಹೇಳಿದೆ. ಅವಳು ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು. "ಪೇಡೆ ತರಲಿಲ್ವಾ?" ಎಂದಳು.

ಅಂಗಡಿಯ ಮುಂದೆ ಹಾದು ಬಂದರೂ ನನಗದು ಹೊಳೆದಿರಲಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಓದುಕೋಣೆಗೆ ನಿಂಗರಾಜ್ ಬಂದಿದ್ದ. ಎರಡು ವರ್ಷಗಳ ಮೇಲೆ. ಅವನನ್ನು ಕರೆಸಿದವನು ನಾನಲ್ಲ. ಚೈತ್ರಶ್ರೀ ತಾನಾಗಿಯೇ ಅವನ ನಂಬರು ಹುಡುಕಿ ಫೋನ್ ಮಾಡಿದ್ದಳಂತೆ.

"ಮೂರು ಏಜೆನ್ಸಿದು ಮೂರು ಪಿ.ಎಫ್. ಖಾತೆ ಇದ್ವು ಸಾರ್," ಎಂದ. "ಮೂರೂ ಒಂದ್ ಮಾಡಾಕೆ ಬರ್ತೈತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಫೋನಿನಾಗೇ ಹೇಳಿಕೊಟ್ಲು. ನಿಮ್ಮ ಹುಡುಗಿ ಗಟ್ಟಿ ಅದಾಳೆ ಬಿಡ್ರಿ."

"ನಿನಗೆ ನಾನು ಆಗ ಸರಿಯಾದದ್ದನ್ನು ಹೇಳಲಿಲ್ಲ ನಿಂಗರಾಜ," ಎಂದೆ.

"ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಚಾ ಕುಡಿಯಾನ ನಡೀರಿ ಸಾರ್."

ಚಹಾ ಕುಡಿದೆವು. ಹೊನ್ನಾಳಿಯ ಹುಡುಗನೊಬ್ಬ ಯಾವುದೋ ಕಂಪನಿಯ ಕರಾರನ್ನು ಹಿಡಿದುಕೊಂಡು ನನಗಾಗಿ ಕಾದಿದ್ದ. ನೀನೇ ಓದಿ, ನಿನಗೆ ಏನು ತಿಳಿಯಲಿಲ್ಲವೋ ಅದನ್ನು ಮೊದಲು ಹೇಳು ಎಂದೆ. ಇಬ್ಬರೂ ಒಂದು ಗಂಟೆ ಕುಳಿತೆವು. ಮೂರನೆಯ ಪುಟದ ಅರ್ಥ ನನಗೂ ಆಗಲಿಲ್ಲ. ಚೈತ್ರಶ್ರೀಯನ್ನು ಕೇಳೋಣವೆಂದು ಗುರುತು ಹಾಕಿಟ್ಟಿದ್ದೇವೆ.

ನವೆಂಬರ್ ೧೩, ಗುರುವಾರ. ಜಗಳೂರಿನಿಂದ ಹಿಂದಿರುಗಿ

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಡೇರಿಯಲ್ಲಿ ಈವತ್ತು ಚೈತ್ರಶ್ರೀಯ ಮೊದಲ ತರಬೇತಿ. ಬರಬಹುದೇ ಎಂದು ಕೇಳಿದ್ದೆ. ಬರ್ರಿ ಸಾರ್ ಎಂದಿದ್ದಳು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಅಲ್ಲಿಂದ ನಿಂಗರಾಜ್ ಬೈಕಿನಲ್ಲಿ ಕರೆದುಕೊಂಡು ಹೋದ.

ಡೇರಿಯ ಮುಂದಿನ ಜಗುಲಿಯಲ್ಲಿ ನಲವತ್ತು ಜನರಿದ್ದರು, ಬಹುತೇಕ ಹೆಂಗಸರು. ನಾನು ಹಿಂದಿನ ಗೋಡೆಗೆ ಒರಗಿ ಕುಳಿತೆ. ಯಂತ್ರವನ್ನು ಅವಳು ಬಿಚ್ಚಿ, ತೊಳೆದು, ಜೋಡಿಸಿ ತೋರಿಸಿದಳು. ಅಷ್ಟರಲ್ಲಿ ಮುದುಕನೊಬ್ಬ ಕೇಳಿದ: "ಏನವ್ವಾ, ನೀನು ಯಾವ ಕಂಪನಿಯಾಕಿ?"

"ಮಿಷಿನ್ನು ಡೆನ್ಮಾರ್ಕಿನೋರದ್ದು ಅಜ್ಜ. ನನಗೆ ಆರ್ಡರ್ ಕೊಟ್ಟೋರು ಬೆಂಗಳೂರಿನೋರು. ನನ್ನೂರು ಸವಳಂಗ."

"ಕೆಟ್ರೆ ಯಾರಿಗೆ ಹೇಳಬೇಕು?"

"ನನಗೇ."

"ಹಂಗಾರೆ ನಿನ್ ನಂಬರ್ ಬರಕೊಡು. ಉಳಿದೋರು ಎಲ್ಲಿಯಾರ ಇರ್ಲಿ."

ಎಲ್ಲರೂ ನಕ್ಕರು. ನನಗೂ ಒಂದು ಪ್ರಶ್ನೆಯಿತ್ತು. ಸಭೆಗೆ ಉಪಯುಕ್ತವಾಗಬಹುದಾದ ಪ್ರಶ್ನೆ. ಕೈ ಎತ್ತಿದೆ.

"ಸಾರ್, ಒಂದ್ ನಿಮಿಷ," ಎಂದಳು ಚೈತ್ರಶ್ರೀ. "ಶಂಕ್ರಮ್ಮೋರು ಆಗಿಂದ ಕೈ ಎತ್ಯಾರೆ. ಅವ್ರದ್ದು ಮೊದ್ಲು."

ಕೈ ಇಳಿಸಿದೆ. ಮುಂದಿನ ಸಾಲಿನಲ್ಲಿ ಎಮ್ಮೆಯ ಹಾಲಿನ ಕ್ಯಾನನ್ನು ಮಡಿಲ ಪಕ್ಕ ಇಟ್ಟುಕೊಂಡಿದ್ದ ಹೆಂಗಸು ಎದ್ದು ನಿಂತಳು. ಕೇಳಲೋ ಬೇಡವೋ ಎಂದು ಸುತ್ತ ನೋಡಿದಳು.

"ನನ್ ಹಾಲು ಚಲೋ ಐತೆ, ಮಿಷಿನ್ ತಪ್ಪು ಹೇಳ್ತೈತೆ ಅಂತ ನಾನು ಅಂದ್ರೆ ಯಾರು ಕೇಳ್ತಾರವ್ವಾ? ಓದಿಲ್ಲ ಬರೆದಿಲ್ಲ ನಾನು. ಮಿಷಿನ್ನಿಗಿಂತ ನಾನು ದೊಡ್ಡೋಳಾ?"

ಚೈತ್ರಶ್ರೀ ಯಂತ್ರವನ್ನು ಕೆಳಗಿಟ್ಟು ಶಂಕ್ರಮ್ಮನ ಹತ್ತಿರ ಹೋದಳು.

"ನಾನು ಕೇಳ್ತೀನಿ. ಅದಕ್ಕೇ ನನ್ನ ಇಟ್ಕಂಡಿರಾದು," ಎಂದಳು.

ನಿಂಗರಾಜ್ ನನ್ನ ಮೊಣಕೈಯನ್ನು ತಿವಿದ. ನಾನು ತಿರುಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ಬೇರೆ ಕೈಗಳು ಎದ್ದವು, ಒಂದಾದ ಮೇಲೊಂದು. ನನ್ನ ಸರದಿ ಬರುವ ಹೊತ್ತಿಗೆ ಸಂಜೆಯ ಹಾಲು ಅಳೆಯುವ ಸಮಯವಾಗಿತ್ತು, ನಾನು ಕೇಳಬೇಕೆಂದಿದ್ದುದು ಏನೆಂಬುದು ಮರೆತುಹೋಗಿತ್ತು.